ಎತ್ತು ಕುಂಟಿದರೆ ಮೊದಲು ಎಲ್ಲಿ ನೋಡಬೇಕು?



ಬಿತ್ತಿಗೆಯ ಹದ ಬಂದಾಗ ಎತ್ತು ಕುಂಟಹತ್ತಿದರೆ ಮನೆಯವರೆಲ್ಲರ ಮುಖ ಬಾಡುತ್ತದೆ. ನಮ್ಮ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಸೀಮೆಗೂ ಟ್ರ್ಯಾಕ್ಟರು ಬಂದಿರುವದು ನಿಜ. ಆದರೂ ನಾಲ್ಕಾರು ಎಕರೆಯ ಒಕ್ಕಲಿಗನಿಗೆ ಕೂರಿಗೆ ಹೂಡಲು, ಎಡೆ ಹೊಡೆಯಲು, ಕಣಿಕೆ ಹೇರಲು ಜೋಡೆತ್ತು ಬೇಕೇ ಬೇಕು. ಜೋಡಿಯಲ್ಲಿ ಒಂದು ಕುಂಟಿದರೆ ಇನ್ನೊಂದು ಗಟ್ಟಿಯಾಗಿದ್ದೂ ಉಪಯೋಗವಿಲ್ಲ. ಆದ್ದರಿಂದ ಈ ವಾರ ದನಗಳ ಎಲುಬು, ಕೀಲು ಮತ್ತು ಮಾಂಸಖಂಡಗಳ ಬೇನೆಗಳನ್ನು ಗುರುತಿಸುವದು ಹೇಗೆ, ಯಾವದಕ್ಕೆ ಮನೆಯಲ್ಲಿ ಉಪಚಾರ ಮಾಡಬಹುದು, ಯಾವದಕ್ಕೆ ಡಾಕ್ಟರರನ್ನು ಕರೆಯಬೇಕು ಎಂಬುದನ್ನು ಹೇಳುತ್ತೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ಹಿಂಗಾರಿ ಜೋಳದ ಬಿತ್ತಿಗೆಗೆ ವಾರವಿರುವಾಗ ನಮ್ಮ ಖಿಲಾರಿ ಜೋಡಿಯ ಬಲಗೋಲಿನ ಎತ್ತು ಮುಂಗಾಲು ಊರಲು ಹಿಂದೆಮುಂದೆ ನೋಡಹತ್ತಿತು. ನೋಡಿದವರೆಲ್ಲ ಹೆಗಲು ಹೋಗಿದೆ ಎಂದರು. ನಾವೂ ಹೌದೆಂದೆವು. ಬಲ್ಲವರೊಬ್ಬರನ್ನು ಕರೆಯಿಸಿ ಹೆಗಲಿಗೆ ಬರೆ ಹಾಕಿಸಿದೆವು. ಎತ್ತು ಕುಂಟುವದು ನಿಲ್ಲಲಿಲ್ಲ. ಹನ್ನೊಂದನೆಯ ದಿನ ಗೊರಸಿನ ಮೇಲಂಚಿನಿಂದ ಕೀವು ಒಡೆಯಿತು. ದನಗಳ ಡಾಕ್ಟರರು ಬಂದು ಅಂಗಾಲನ್ನು ಹೆರೆದು ನೋಡಿದರೆ ಒಳಗೆ ಮುರಿದ ಜಾಲಿಮುಳ್ಳಿನ ತುದಿ! ಅಷ್ಟರಲ್ಲಿ ಕೀವು ಗೊರಸಿನ ಕೀಲನ್ನು ಸೇರಿತ್ತು. ಬಾಡಿಗೆ ಎತ್ತು ಸಿಗುವ ವೇಳೆಗೆ ಹದ ಆರಿ, ಅರ್ಧ ಹೊಲ ಬೀಳುಬಿತ್ತು. ಆ ಎತ್ತು ಮತ್ತೆ ಕೂರಿಗೆಗೆ ಬರಲಿಲ್ಲ. ಹೆಗಲ ಮೇಲಿನ ಬರೆಯ ಕಲೆ ಮಾತ್ರ ಅದು ಸಾಯುವವರೆಗೂ ಉಳಿಯಿತು.

ಶಾಲೆಯಲ್ಲಿ ನಾವು ಮಕ್ಕಳಿಗೆ, ಉತ್ತರ ಬರೆಯುವ ಮುಂಚೆ ಪ್ರಶ್ನೆ ಓದಿರಿ ಎಂದು ದಿನವೂ ಹೇಳುತ್ತೇವೆ. ನಮ್ಮ ಎತ್ತಿನ ವಿಷಯದಲ್ಲಿ ನಾವೇ ಪ್ರಶ್ನೆ ಓದಲಿಲ್ಲ. ಉತ್ತರ ಬರೆದೆವು, ಅದೂ ಕಾದ ಕಬ್ಬಿಣದಿಂದ.

ಕಾಲಿನ ರಚನೆ

ದನದ ಕಾಲನ್ನು ನಮ್ಮ ಕೈಕಾಲಿಗೆ ಹೋಲಿಸಿ ನೋಡಿದರೆ ಬೇಗ ತಿಳಿಯುತ್ತದೆ. ಎತ್ತು ಬೆರಳ ತುದಿಯ ಮೇಲೆ ನಡೆಯುವ ಪ್ರಾಣಿ. ಗೊರಸಿನ ಎರಡು ಹೋಳುಗಳೆಂದರೆ ಎರಡು ಬೆರಳಿನ ಉಗುರುಗಳು. ಮುಂಗಾಲಿನಲ್ಲಿ ನಾವು ಮೊಣಕಾಲು ಎಂದು ಕರೆಯುವ ಕೀಲು ನಮ್ಮ ಮಣಿಕಟ್ಟಿಗೆ ಸಮ. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಕೀಲು ನಮ್ಮ ಹಿಮ್ಮಡಿಗೆ ಸಮ. ನಿಜವಾದ ಮೊಣಕಾಲು ಇರುವದು ಹಿಂಗಾಲಿನಲ್ಲಿ, ಇನ್ನೂ ಮೇಲೆ, ಹೊಟ್ಟೆಯ ಪಕ್ಕಕ್ಕೆ ಹತ್ತಿಕೊಂಡಂತೆ. ಅಲ್ಲಿ ನಮ್ಮಂತೆಯೇ ಅದಕ್ಕೂ ಒಂದು ಚಿಪ್ಪು ಉಂಟು. ಈ ಚಿಪ್ಪಿನ ಮಾತು ಮುಂದೆ ಬರುತ್ತದೆ, ನೆನಪಿಡಿರಿ.

ಯಾವ ಕಾಲು?

ಎತ್ತನ್ನು ಮೊದಲು ಸಮನೆಲದ ಮೇಲೆ ನಿಲ್ಲಿಸಿ ದೂರದಿಂದ ನೋಡಿರಿ. ಯಾವ ಕಾಲಿನ ಮೇಲೆ ಭಾರ ಹಾಕದೆ ತುದಿಗೊರಸನ್ನಷ್ಟೇ ಊರಿದೆ? ಎಲ್ಲಿಯಾದರೂ ಬಾವು ಇದೆಯೆ? ಎಡಬಲಗಳನ್ನು ಹೋಲಿಸಿರಿ. ದೇವರು ಎರಡು ಕಾಲು ಕೊಟ್ಟದ್ದು, ಒಂದು ಕೆಟ್ಟಾಗ ಇನ್ನೊಂದನ್ನು ನೋಡಿ ತಿಳಿಯಲೆಂದೇ ಎಂದು ಬಗೆಯಿರಿ.

ಅನಂತರ ಒಬ್ಬರು ಹಗ್ಗ ಸಡಿಲಾಗಿ ಹಿಡಿದು ನಡೆಸಲಿ. ಮುಂಗಾಲು ನೋಯುತ್ತಿದ್ದರೆ, ನೋವಿನ ಕಾಲು ನೆಲಕ್ಕೆ ತಾಗಿದಾಗ ಎತ್ತು ತಲೆಯನ್ನು ಮೇಲೆತ್ತುವದು, ಒಳ್ಳೆಯ ಕಾಲು ತಾಗಿದಾಗ ತಲೆ ತಗ್ಗಿಸುವದು. ಹಿಂಗಾಲು ನೋಯುತ್ತಿದ್ದರೆ ಹಿಂದೆ ನಿಂತು ಎರಡೂ ಚಪ್ಪೆಯ ಎಲುಬುಗಳನ್ನು ನೋಡಿರಿ. ನೋವಿನ ಕಡೆಯ ಚಪ್ಪೆ ಹೆಚ್ಚು ಮೇಲೆ ಕೆಳಗೆ ಆಡುವದು.

ಇನ್ನೊಂದು ಗುರುತು. ಕಾಲೂರಿದಾಗ ಹೆಚ್ಚು ನೋವಾದರೆ ದೋಷವು ಗೊರಸಿನಲ್ಲಿ ಅಥವಾ ಎಲುಬಿನಲ್ಲಿ ಇರುವದೇ ಹೆಚ್ಚು. ಕಾಲೆತ್ತಿ ಮುಂದಿಡುವಾಗ ಹೆಚ್ಚು ನೋವಾದರೆ ಮೇಲಿನ ಕೀಲು ಅಥವಾ ಮಾಂಸಖಂಡದಲ್ಲಿ ಇರಬಹುದು.

ಮೊದಲು ಗೊರಸು

ಯಾವ ಕಾಲೆಂದು ಗೊತ್ತಾದ ಕೂಡಲೆ ಕೈ ಹೆಗಲಿಗೆ ಹೋಗಬಾರದು, ಗೊರಸಿಗೆ ಹೋಗಬೇಕು. ದನಗಳ ಕುಂಟಿಗೆ ಕಾರಣ ಬಹುಮಟ್ಟಿಗೆ ಗೊರಸಿನಲ್ಲಿಯೇ ಇರುತ್ತದೆ.

ಕಾಲೆತ್ತಿ ಕಟ್ಟಿ, ಅಂಗಾಲನ್ನೂ ಗೊರಸಿನ ಸಂದನ್ನೂ ನೀರಿನಿಂದ ಚೆನ್ನಾಗಿ ತೊಳೆಯಿರಿ. ಕೆಸರು ಮೆತ್ತಿದ ಗೊರಸಿನಲ್ಲಿ ಏನೂ ಕಾಣುವದಿಲ್ಲ. ಮುಳ್ಳು, ಮೊಳೆ, ಹರಳು ಸಿಕ್ಕಿದೆಯೆ ನೋಡಿರಿ. ಕಪ್ಪು ಚುಕ್ಕೆ ಕಂಡರೆ ಅದು ಮುಳ್ಳು ಹೊಕ್ಕ ದಾರಿಯಾಗಿರಬಹುದು. ಇಕ್ಕಳದಿಂದ ಗೊರಸನ್ನು ಅಲ್ಲಲ್ಲಿ ಮೆಲ್ಲಗೆ ಒತ್ತಿರಿ. ನೋವಿನ ಜಾಗಕ್ಕೆ ಬಂದಾಗ ಎತ್ತು ಕಾಲನ್ನು ಕಿತ್ತುಕೊಳ್ಳುವದು. ಲಾಳ ಬಡಿಸಿದ ಒಂದೆರಡು ದಿನದಲ್ಲಿ ಕುಂಟಿದರೆ ಮೊಳೆಯು ಜೀವದ ಭಾಗಕ್ಕೆ ತಾಗಿದೆ ಎಂದು ತಿಳಿದು ಆ ಲಾಳವನ್ನು ತೆಗೆಸಿರಿ.

ಮೇಲೆಯೇ ಸಿಕ್ಕಿದ ಮುಳ್ಳನ್ನು ನಾವೇ ತೆಗೆದು, ಆ ಜಾಗವನ್ನು ತೊಳೆದು ಟಿಂಕ್ಚರ್ ಅಯೊಡಿನ್ ಹಚ್ಚಿ, ಎರಡು ದಿನ ಒಣನೆಲದಲ್ಲಿ ಕಟ್ಟಬಹುದು. ಕೀವು ಇದ್ದರೆ, ಅಥವಾ ಗೊರಸಿನ ಮೇಲೆ ಬಾವು ಏರಿದ್ದರೆ ಡಾಕ್ಟರರೇ ಬೇಕು. ಕೀವು ಹೊರಬರಲು ಅಂಗಾಲಿನಲ್ಲಿ ದಾರಿ ಮಾಡಬೇಕಾಗುತ್ತದೆ. ತಡವಾದಷ್ಟೂ ಅದು ಮೇಲಕ್ಕೆ, ಕೀಲಿನೊಳಕ್ಕೆ ದಾರಿ ಮಾಡಿಕೊಳ್ಳುತ್ತದೆ. ನಮ್ಮ ಎತ್ತಿಗಾದದ್ದು ಇದೇ.

ಮಳೆಗಾಲದಲ್ಲಿ ಸಂದು ಕೊಳೆತು ವಾಸನೆ ಬರುವದುಂಟು. 10 ಲೀಟರ್ ನೀರಿಗೆ ಅರ್ಧ ಕಿಲೊ ಮೈಲುತುತ್ತ ಕರಗಿಸಿ, ಗೊರಸು ಮುಳುಗುವಂತೆ ನಿಲ್ಲಿಸಿರಿ. ಆ ನೀರನ್ನು ಕುರಿಗಳು ಕುಡಿಯದಂತೆ ಎಚ್ಚರವಿರಲಿ. ಕುರಿಗೆ ತಾಮ್ರವು ವಿಷ. ಸಂದಿನಲ್ಲಿ ಬೊಬ್ಬೆಯಿದ್ದು, ಬಾಯಲ್ಲಿಯೂ ಬೊಬ್ಬೆಯೆದ್ದು ಜೊಲ್ಲು ಸುರಿಯುತ್ತಿದ್ದರೆ ಅದು ಕಾಲುಬಾಯಿ ಬೇನೆ. ಆ ದನವನ್ನು ಕೂಡಲೆ ಬೇರೆ ಕಟ್ಟಿರಿ. 2019ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಯೋಜನೆಯಲ್ಲಿ ಇದರ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಪುಕ್ಕಟೆ ಹಾಕುತ್ತಾರೆ. ಲಸಿಕೆಯವರು ಊರಿಗೆ ಬಂದಾಗ ದನಗಳನ್ನು ಹೊಲಕ್ಕೆ ಅಟ್ಟಬೇಡಿರಿ.

ಕೀಲು ಮತ್ತು ಎಲುಬು

ಗೊರಸಿನಲ್ಲಿ ಏನೂ ಸಿಗದಿದ್ದರೆ ಕೈಯನ್ನು ಮೆಲ್ಲಗೆ ಮೇಲೆ ಏರಿಸಿರಿ. ಪ್ರತಿ ಕೀಲನ್ನೂ ಮುಟ್ಟಿ, ಬಿಸಿಯಿದೆಯೆ, ಬಾವು ಇದೆಯೆ ನೋಡಿರಿ. ಮಡಿಸಿದಾಗ ನೋವಾಗುವದೆ ಎಂದು ಪರೀಕ್ಷಿಸಿರಿ.

ಚಿಪ್ಪು ಸಿಕ್ಕಿಕೊಳ್ಳುವದು: ಇದು ನಮ್ಮ ಕಡೆಯ ಎತ್ತು ಎಮ್ಮೆಗಳಲ್ಲಿ ಆಗಾಗ ಕಾಣುವ ಬೇನೆ. ಹಿಂಗಾಲು ಕೋಲಿನಂತೆ ಹಿಂದಕ್ಕೆ ಸೆಟೆದು ನಿಲ್ಲುವದು. ಗೊರಸಿನ ತುದಿ ನೆಲವನ್ನು ಕೆರೆಯುವದು. ಕೆಲವು ಹೆಜ್ಜೆಯ ಮೇಲೆ ಕಾಲು ಫಕ್ಕನೆ ಬಿಟ್ಟುಕೊಂಡು ಜಗ್ಗಿದಂತೆ ಮುಂದೆ ಬರುವದು. ಬೆಳಿಗ್ಗೆ ಮಲಗಿ ಎದ್ದಾಗ ಹೆಚ್ಚು, ನಡೆದಂತೆ ಕಡಿಮೆ. ಬಾವಿಲ್ಲ, ಜ್ವರವಿಲ್ಲ. ಮೊಣಕಾಲ ಚಿಪ್ಪನ್ನು ಹಿಡಿದಿರುವ ಮೂರು ನಾರುಗಳಲ್ಲಿ ಒಳಮಗ್ಗುಲಿನ ನಾರು ತೊಡೆಯೆಲುಬಿನ ಏಣಿನ ಮೇಲೆ ಸಿಕ್ಕಿಬೀಳುವದೇ ಇದಕ್ಕೆ ಕಾರಣ. ಕೊಕ್ಕೆ ಸಿಕ್ಕ ಬಾಗಿಲಿನಂತೆ ಕಾಲು ಮಡಿಯಲಾರದು. ಇದಕ್ಕೆ ಬರೆ ಹಾಕಿದರೆ ಚರ್ಮ ಸುಡುವದೇ ಹೊರತು ಕೊಕ್ಕೆ ಬಿಡುವದಿಲ್ಲ. ಡಾಕ್ಟರರು ಆ ಜಾಗವನ್ನು ಜೋಮು ಹಿಡಿಸಿ ಒಳಮಗ್ಗುಲಿನ ಆ ಒಂದು ನಾರನ್ನು ಕತ್ತರಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಸಾಮಾನ್ಯವಾಗಿ ಎತ್ತು ಅಲ್ಲಿಯೇ ಕಾಲು ಮಡಿಸಿ ನಡೆಯುತ್ತದೆ. ಗಾಯ ಮಾಯುವವರೆಗೆ ವಿಶ್ರಾಂತಿ ಕೊಟ್ಟರೆ ಮತ್ತೆ ನೊಗಕ್ಕೆ ಬರುತ್ತದೆ. ಈ ಬೇನೆಯ ಎತ್ತನ್ನು ಕೆಲಸಕ್ಕೆ ಬಾರದೆಂದು ಕಡಿಮೆ ಬೆಲೆಗೆ ಮಾರಿಬಿಡುವವರು ಇಷ್ಟನ್ನು ತಿಳಿದಿರಬೇಕು. ಕೊಳ್ಳುವವರೂ ತಿಳಿದಿರಬೇಕು. ಜಾತ್ರೆಯ ದನದ ಬಜಾರಿನಲ್ಲಿ ಹಲ್ಲು, ಸುಳಿ ನೋಡಿದರೆ ಸಾಲದು. ಮಲಗಿದ ಎತ್ತನ್ನು ಎಬ್ಬಿಸಿ, ಮೊದಲ ಹತ್ತು ಹೆಜ್ಜೆಗಳನ್ನು ನೋಡಿರಿ.

ಚಪ್ಪೆ ಜಾರುವದು: ಕೆಸರಿನಲ್ಲಿ ಜಾರಿ ಬಿದ್ದ ಮೇಲೆ ಹಿಂಗಾಲು ಗಿಡ್ಡವಾದಂತೆ ಕಂಡು, ಚಪ್ಪೆಯ ಒಂದು ಕಡೆ ಎಲುಬು ಎದ್ದು ತೋರಿದರೆ ತೊಡೆಯ ಗುಂಡು ತನ್ನ ಗುಣಿಯಿಂದ ಜಾರಿರಬಹುದು. ಎಳೆದಾಡಬೇಡಿರಿ. ಅದೇ ದಿನ ಡಾಕ್ಟರರು ಬಂದರೆ ಕೂಡಿಸುವ ಆಸೆಯುಂಟು. ದಿನಗಳು ಕಳೆದಂತೆ ಮಾಂಸಖಂಡಗಳು ಬಿಗಿದು ಕೂಡಿಸುವದು ಕಠಿಣವಾಗುತ್ತದೆ.

ಎಲುಬು ಮುರಿದಾಗ: ಕಾಲು ಸ್ವಲ್ಪವೂ ಊರದು. ಕೀಲಿಲ್ಲದ ಕಡೆಯಲ್ಲಿ ಬಾಗುವದು. ಮುಟ್ಟಿದರೆ ಒಳಗೆ ಕರಕರ ಎನ್ನುವದು. ಅದನ್ನು ಕೇಳಲೆಂದು ಮತ್ತೆ ಮತ್ತೆ ಅಲುಗಿಸಬೇಡಿರಿ. ದನವನ್ನು ನಡೆಸಬೇಡಿರಿ. ಅರಳೆ ಅಥವಾ ಹಳೆಯ ಬಟ್ಟೆಯನ್ನು ದಪ್ಪವಾಗಿ ಸುತ್ತಿ, ಅದರ ಮೇಲೆ ಬಿದಿರಿನ ಸೀಳುಗಳನ್ನು ಸುತ್ತಲೂ ಇಟ್ಟು ಕಟ್ಟಿರಿ. ಕಟ್ಟು ಮುರಿದ ಜಾಗದ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಒಳಗೊಂಡಿರಬೇಕು. ಮುರಿದ ಜಾಗದ ಮೇಲಷ್ಟೇ ಬಿಗಿದರೆ ರಕ್ತ ನಿಂತು ಕಾಲು ಕೊಳೆಯುವದು. ಎಲುಬು ಹೊರಗೆ ಬಂದಿದ್ದರೆ ಒಳಕ್ಕೆ ದೂಡದೆ ಸ್ವಚ್ಛ ಬಟ್ಟೆ ಮುಚ್ಚಿರಿ. ಮಣ್ಣು, ಸಗಣಿ, ಅರಿಶಿಣದ ಮೆತ್ತು ಬೇಡ. ಡಾಕ್ಟರರು ಪ್ಲಾಸ್ಟರ್ ಹಾಕುತ್ತಾರೆ. ಎಳೆಗರುವಿನ ಕೆಳಗಾಲಿನ ಎಲುಬು 4ರಿಂದ 6 ವಾರದಲ್ಲಿ ಕೂಡಬಹುದು. ಬಲಿತ ಎತ್ತಿಗೆ ಇನ್ನೂ ಹೆಚ್ಚು ಕಾಲ ಬೇಕು. ತೊಡೆಯ, ತೋಳಿನ ಎಲುಬು ಮುರಿದರೆ ಭಾರಿ ದನಗಳಲ್ಲಿ ಗುಣವಾಗುವದು ಅಪರೂಪ.

ಕರುವಿನ ಕೀಲುಬಾವು: ಹುಟ್ಟಿದ ಕೆಲವು ದಿನಗಳಲ್ಲಿ ಕರುವಿನ ಕೀಲುಗಳು ಬಾತು ಬಿಸಿಯಾದರೆ ಹೊಕ್ಕುಳನ್ನು ನೋಡಿರಿ. ಅನೇಕ ಸಲ ನಂಜು ಅಲ್ಲಿಂದಲೇ ಹೊಕ್ಕಿರುತ್ತದೆ. ಹುಟ್ಟಿದ ಕೂಡಲೆ ಹೊಕ್ಕುಳಿಗೆ ಟಿಂಕ್ಚರ್ ಅಯೊಡಿನ್ ಹಚ್ಚಿ, ಮೊದಲ ಗಿಣ್ಣುಹಾಲನ್ನು ಹೊಟ್ಟೆತುಂಬ ಕುಡಿಸಿದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಎಲುಬು ಕಡಿಯುವ ಆಕಳು: ದನ ಬೇಲಿಯ ಬಳಿ ಬಿದ್ದ ಎಲುಬು, ಅರಿವೆ ಕಡಿಯುತ್ತಿದ್ದು, ಬಿಗಿದಂತೆ ನಡೆಯುತ್ತಿದ್ದರೆ ಮೈಯಲ್ಲಿ ರಂಜಕದ ಕೊರತೆಯಿರಬಹುದು. ಬರೀ ಒಣ ಕಣಿಕೆಯಲ್ಲಿ ಅದು ಸಾಲದು. ಬಲಿತ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಜೊತೆಗೆ ತೌಡು ಹಿಂಡಿ ಕೊಡಿರಿ.

ಮಾಂಸಖಂಡದ ಬೇನೆಗಳು

ಉಳುಕಿದ ಕಾಲಿಗೆ ಮೊದಲ ಒಂದೆರಡು ದಿನ ತಣ್ಣೀರು, ಆಮೇಲೆ ಬಿಸಿ ಕಾವು. ಈ ಕ್ರಮ ತಿರುಗುಮುರುಗಾದರೆ ಬಾವು ಹೆಚ್ಚುವದು. ಎಲ್ಲಕ್ಕೂ ದೊಡ್ಡ ಔಷಧವೆಂದರೆ ವಿಶ್ರಾಂತಿ. ನೊಗದ ಹೆಗಲು ಬಾತಾಗಲೂ ಹೀಗೆಯೇ. ಬಾವು ಇಳಿಯುವವರೆಗೆ ನೊಗ ಬೇಡ. ನೊಗದ ಒರಟು ಏಣನ್ನು ಹೆರೆಯಿಸಿರಿ. ಎತ್ತರದಲ್ಲಿ ಸಮವಿಲ್ಲದ ಎತ್ತುಗಳನ್ನು ಜೋಡಿ ಮಾಡಬೇಡಿರಿ.

ಒಂದು ಬೇನೆಯಲ್ಲಿ ಮಾತ್ರ ವಿಶ್ರಾಂತಿಯೆಂದು ಕುಳಿತರೆ ದನ ಉಳಿಯುವದಿಲ್ಲ. ಅದು ಚಪ್ಪೆಬೇನೆ. ಮಳೆ ಆರಂಭವಾದ ಹೊತ್ತಿಗೆ, ಆರು ತಿಂಗಳಿಂದ ಎರಡು ವರ್ಷದೊಳಗಿನ, ಚೆನ್ನಾಗಿ ಮೈತುಂಬಿದ ಹೋರಿ ಕಡಸುಗಳಿಗೇ ಹೆಚ್ಚಾಗಿ ಬರುವದು. ಒಮ್ಮೆಲೆ ವಿಪರೀತ ಜ್ವರ, ಕುಂಟು. ತೊಡೆ ಅಥವಾ ಹೆಗಲಿನ ಮಾಂಸದಲ್ಲಿ ಬಾವು. ಬಾವು ಮೊದಲು ಬಿಸಿ, ಆಮೇಲೆ ತಣ್ಣಗೆ. ಒತ್ತಿದರೆ ಒಳಗೆ ಗಾಳಿ ತುಂಬಿದಂತೆ ಚರಚರ ಸದ್ದು. ಈ ಗುರುತು ಕಂಡರೆ ಗಳಿಗೆಯೂ ತಡಮಾಡದೆ ಡಾಕ್ಟರರನ್ನು ಕರೆಯಿರಿ. ಆರಂಭದಲ್ಲಿಯೇ ಪೆನಿಸಿಲಿನ್ ಸಿಕ್ಕರೆ ಮಾತ್ರ ಆಸೆ. ಇಲ್ಲವಾದರೆ ಒಂದೆರಡು ದಿನದಲ್ಲಿ ದನ ಹೋಗುತ್ತದೆ. ಸತ್ತ ದನವನ್ನು ಸುಲಿಯಬೇಡಿರಿ, ಕಡಿಯಬೇಡಿರಿ. ರೋಗದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಸುಣ್ಣ ಹಾಕಿ ಆಳವಾಗಿ ಹುಗಿಯಿರಿ. ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಲಸಿಕೆ ಹಾಕಿಸುವದೇ ಇದಕ್ಕೆ ಖಾತ್ರಿಯ ಉಪಾಯ.

ಬರೆಗೆ ಹೆಸರು ಬಂದದ್ದು ಹೇಗೆ?

ಬರೆ ಹಾಕಿದ ಮೇಲೆ ನಮ್ಮ ಎತ್ತು ನೆಟ್ಟಗಾಯಿತಲ್ಲ ಎಂದು ಕೇಳುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಮಳೆಗಾಲದಲ್ಲಿ ಮೂರು ದಿನದ ಬೇನೆ ಎಂಬುದೊಂದು ಬರುತ್ತದೆ. ಇದು ಕಚ್ಚುವ ನುಸಿ, ಸೊಳ್ಳೆಗಳಿಂದ ಹರಡುವ ವಿಷಾಣುವಿನ ಜ್ವರ. ದನ ನಡುಗುತ್ತದೆ, ಮೈ ಬಿಗಿಯುತ್ತದೆ. ಇಂದು ಈ ಕಾಲು ಕುಂಟಿದರೆ ನಾಳೆ ಆ ಕಾಲು. ಕೆಲವು ದನ ಮಲಗಿಯೇ ಬಿಡುತ್ತವೆ. ಮನೆಯವರು ಗಾಬರಿಯಾಗಿ ಎರಡನೆಯ ದಿನ ಬರೆ ಹಾಕಿಸುತ್ತಾರೆ. ಮೂರನೆಯ ದಿನ ದನ ಎದ್ದು ಮೇಯುತ್ತದೆ. ಬರೆ ಹಾಕದಿದ್ದ ನೆರೆಮನೆಯ ದನವೂ ಅದೇ ದಿನ ಎದ್ದಿರುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವದಿಲ್ಲ. ತಾನಾಗಿ ಇಳಿಯುವ ಬೇನೆಯ ಕೀರ್ತಿ ಕಬ್ಬಿಣಕ್ಕೆ ಹೋಯಿತು.

ಈ ಬೇನೆಯಲ್ಲಿ ನೆರಳು, ಮೆತ್ತನೆಯ ಹಾಸು, ಮುಂದೆ ನೀರು ಮೇವು ಇಡುವದು ಮುಖ್ಯ. ಮಲಗಿದ ದನವನ್ನು ದಿನಕ್ಕೆ ನಾಲ್ಕಾರು ಸಲ ಮಗ್ಗುಲು ಹೊರಳಿಸಿರಿ. ಗೊಟ್ಟದಿಂದ ಬಾಯಿಗೆ ಏನನ್ನೂ ಹೊಯ್ಯಬೇಡಿರಿ. ನುಂಗುವ ಶಕ್ತಿ ಕುಂದಿರುವದರಿಂದ ಅದು ಪುಪ್ಪುಸಕ್ಕೆ ಇಳಿದು ದನ ಸಾಯಬಹುದು. ಜ್ವರ ಬಿಟ್ಟ ಮರುದಿನವೇ ನೊಗ ಹೂಡದೆ ಒಂದು ವಾರ ಬಿಡಿರಿ.

ನೋವಿನ ಔಷಧದ ಮಾತು

ಮನುಷ್ಯರ ಔಷಧದಂಗಡಿಯಿಂದ ನೋವಿನ ಸೂಜಿಮದ್ದು ತಂದು ದನಕ್ಕೆ ಚುಚ್ಚುವ ರೂಢಿ ಕೆಲವೆಡೆ ಇದೆ. ಇದನ್ನು ಬಿಡಬೇಕು. ನೋವು ಮರೆಯಾದ ದನ ಮುರಿದ ಕಾಲನ್ನೂ ಊರಿ ಇನ್ನಷ್ಟು ಕೆಡಿಸಿಕೊಳ್ಳುವದು. ಮೇಲಾಗಿ, ಡೈಕ್ಲೊಫೆನಾಕ್ ಚುಚ್ಚಿದ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ನಮ್ಮ ಬಾಲ್ಯದಲ್ಲಿ ಊರ ಹೊರಗೆ ಇಳಿಯುತ್ತಿದ್ದ ಆ ಹಕ್ಕಿಗಳು ಈಗ ಕಾಣದಿರುವದಕ್ಕೆ ಇದೇ ಮುಖ್ಯ ಕಾರಣ. 2006ರಲ್ಲಿ ಸರಕಾರವು ದನಗಳಿಗೆ ಈ ಔಷಧವನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳನ್ನೂ ನಿಷೇಧಿಸಿತು. ಮೆಲಾಕ್ಸಿಕಾಮ್ ಎಂಬುದು ಹದ್ದುಗಳಿಗೆ ಅಪಾಯವಿಲ್ಲದ ಔಷಧ. ಡಾಕ್ಟರರು ಬಂದಾಗ ಅದನ್ನೇ ಕೇಳಿರಿ.

ಡಾಕ್ಟರರಿಗೆ ಹೇಗೆ ಹೇಳಬೇಕು?

ನಮ್ಮ ದವಾಖಾನೆಯ ಫಲಕ ಮರಾಠಿಯದು, ಬರುವ ಡಾಕ್ಟರರಿಗೆ ಅನೇಕ ಸಲ ಕನ್ನಡ ತಿಳಿಯದು. ನಮ್ಮ ಹೆಣ್ಣುಮಕ್ಕಳು, ಮುದುಕರು ಬೇನೆಯನ್ನು ಸರಿಯಾಗಿ ಕಂಡಿದ್ದರೂ ಹೇಳಲಾರದೆ ಸುಮ್ಮನಾಗುತ್ತಾರೆ. ಈ ಕೆಲವು ಶಬ್ದಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಮಕ್ಕಳಿಂದ ಬರೆಯಿಸಿರಿ:

ಮುಂಗಾಲು — ಪುಢಚಾ ಪಾಯ
ಹಿಂಗಾಲು — ಮಾಗಚಾ ಪಾಯ
ಗೊರಸು — ಖೂರ
ಕೀಲು — ಸಾಂಧಾ
ಎಲುಬು — ಹಾಡ
ಬಾವು — ಸೂಜ
ಜ್ವರ — ತಾಪ
ಕುಂಟುತ್ತದೆ — ಲಂಗಡತೋ
ಚಪ್ಪೆಬೇನೆ — ಫರ್‍ಯಾ
ಮೂರು ದಿನದ ಬೇನೆ — ತಿವಾ
ಕಾಲುಬಾಯಿ ಬೇನೆ — ಲಾಳ್ಯಾ ಖುರಕೂತ

ನಮ್ಮ ಹಾಡು ಬಾಯಲ್ಲಿ, ಅವರ ಹಾಡ ಕಾಲಲ್ಲಿ ಎಂದು ಹೇಳಿಕೊಟ್ಟರೆ ಮಕ್ಕಳು ಮರೆಯುವದಿಲ್ಲ.

ಸಂಚಾರಿ ಪಶುವೈದ್ಯ ಗಾಡಿಗೆ 1962 ಎಂಬ ಸಂಖ್ಯೆಗೆ ಪುಕ್ಕಟೆ ಫೋನು ಮಾಡಬಹುದು. ಫೋನು ಮಾಡುವ ಮುಂಚೆ ಈ ಸಂಗತಿಗಳನ್ನು ಗೊತ್ತುಮಾಡಿಕೊಳ್ಳಿರಿ: ಯಾವ ಕಾಲು, ಯಾವಾಗಿನಿಂದ, ಒಮ್ಮೆಲೆಯೋ ಮೆಲ್ಲಮೆಲ್ಲಗೋ, ಬಾವು ಎಲ್ಲಿ, ಬಿಸಿಯೋ ತಣ್ಣಗೋ, ಜ್ವರ ಎಷ್ಟು. ದನದ ಸಹಜ ಕಾವು 101ರಿಂದ 102 ಡಿಗ್ರಿಯವರೆಗೆ. 104 ದಾಟಿದರೆ ತಡಮಾಡಬಾರದು.

ನಮ್ಮ ಕೊಟ್ಟಿಗೆಯಲ್ಲಿ ಈಗ ಬೇರೆ ಜೋಡಿಯಿದೆ. ಪ್ರತಿ ಸಂಜೆ ನೊಗ ಇಳಿಸಿದ ಮೇಲೆ ಎಂಟೂ ಗೊರಸುಗಳನ್ನು ತೊಳೆದು ನೋಡಿಯೇ ನಾವು ಮನೆಯೊಳಗೆ ಹೋಗುತ್ತೇವೆ. ಕಾಲು ಗಂಟೆಯ ಕೆಲಸ. ಆ ಕಾಲು ಗಂಟೆಯನ್ನು ಅಂದು ಉಳಿಸಿದ್ದಕ್ಕೆ ನಾವು ಒಂದು ಎತ್ತನ್ನು ಕೊಟ್ಟೆವು. ನೀವು ಕೊಡಬೇಡಿರಿ.